ಪೂಜೆಯ ನೀರು ಒಳಗೆ ಹೋಗಿರಲಿಲ್ಲ

ರತ್ನಕ್ಕನ ಕಂಪ್ಯೂಟರನ್ನು ಕೆಡಿಸಿದವಳು ನಾನು. ಆಯುಧಪೂಜೆಯ ದಿನ ಅವಳು ಚಿಮುಕಿಸಿದ ನೀರು ಅದರೊಳಗೆ ಹೋಗಿರಲಿಲ್ಲ — ಒಂದು ಹನಿಯೂ ಹೋಗಿರಲಿಲ್ಲ. ಹೋಗಿದೆ ಎಂದು ಹೇಳಿದ್ದು ನಾನು. ಅತ್ತೆ, ಭಾವ, ನನ್ನ ಗಂಡ, ಎಲ್ಲರೂ ಸುತ್ತ ನಿಂತಿದ್ದಾಗ ಹೇಳಿದೆ. ಅವಳ ಮುಖ ನೋಡಿಕೊಂಡೇ ಹೇಳಿದೆ.

ಮೊದಲೇ ತಿಳಿಸಿಬಿಡುತ್ತೇನೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಕ್ಷಮೆ ಬೇಡುವ ಬರಹ ಇದಲ್ಲ. ಇದರಲ್ಲಿ ಎರಡು ಸುಳ್ಳುಗಳಿವೆ. ಮೊದಲನೆಯದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಅಂಥದೇ ಹೊತ್ತು ಮತ್ತೆ ಬಂದರೆ ಮತ್ತೆ ಹೇಳುತ್ತೇನೆ. ಎರಡನೆಯದು — ಅದಕ್ಕೆ ಬರುತ್ತೇನೆ, ತಾಳಿ.

ರತ್ನಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಕೆ.ಆರ್. ನಗರದ ಹುಡುಗಿ. ಮೈಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಹಂಪಾಪುರದ ಹತ್ತಿರ ಹೊಗೆಸೊಪ್ಪು ಬೆಳೆಯುವ ಈ ಮನೆಗೆ ಸೊಸೆಯಾಗಿ ಬಂದೆ. ನಾನು ಬರುವ ಮೊದಲೇ ಅವಳು ಹ್ಯಾಂಡ್‌ಪೋಸ್ಟಿನ ಬಸ್‌ಸ್ಟಾಪಿನ ಎದುರು ಒಂದು ಪುಟ್ಟ ಡಿಟಿಪಿ ಅಂಗಡಿ ಇಟ್ಟಿದ್ದಳು. ಹೈಸ್ಕೂಲು ಮುಗಿಸಿ ಟೈಪಿಂಗ್ ಕಲಿತಿದ್ದಳು, ಅಷ್ಟೇ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು — ಇವೇ ಅವಳ ಕೆಲಸ.

ಕಾರ್ಡು ಅಂದರೆ ಸುಲಭ ಅಂದುಕೊಳ್ಳಬೇಡಿ. ಮೇಲೆ ಯಾವ ಮನೆದೇವರ ಹೆಸರು ಬರಬೇಕು, ದೊಡ್ಡಪ್ಪನ ಹೆಸರು ಮೊದಲೋ ಸೋದರಮಾವನದು ಮೊದಲೋ, ಮಾತುಬಿಟ್ಟಿರುವ ಚಿಕ್ಕಪ್ಪನ ಹೆಸರನ್ನು ಎಲ್ಲಿ ಹಾಕಿದರೆ ಜಗಳ ಆಗುವುದಿಲ್ಲ — ಇದೆಲ್ಲ ಅವಳಿಗೆ ಗೊತ್ತಿತ್ತು. ಒಂದೊಂದು ಮನೆಯ ಕಾರ್ಡನ್ನೂ ಕಂಪ್ಯೂಟರಿನಲ್ಲಿ ಹಾಗೆಯೇ ಉಳಿಸಿಟ್ಟುಕೊಳ್ಳುತ್ತಿದ್ದಳು. ಆ ಮನೆಯ ಎರಡನೆಯ ಮಗಳ ಮದುವೆ ಬಂದಾಗ ಗಂಡು ಹೆಣ್ಣಿನ ಹೆಸರು ಬದಲಿಸಿ, ನಡುವೆ ತೀರಿಕೊಂಡ ಹಿರಿಯರನ್ನು ಆಶೀರ್ವಾದದ ಸಾಲಿಗೆ ಏರಿಸಿದರೆ ಮುಗಿಯಿತು. ಬೇರೆ ಕಡೆ ಹೋದರೆ ಇಡೀ ವಂಶವನ್ನೇ ಮೊದಲಿನಿಂದ ಹೇಳಬೇಕಲ್ಲ ಎಂದು ಜನ ಅವಳ ಹತ್ತಿರವೇ ಬರುತ್ತಿದ್ದರು.

ಭಾವನಿಗೆ ಮಾತ್ರ ಅಂಗಡಿ ಹಿಡಿಸುತ್ತಿರಲಿಲ್ಲ. ಸೊಪ್ಪಿನ ಕಾಲದಲ್ಲಿ ಮನೆಯ ಹೆಂಗಸೊಬ್ಬಳು ಹಸಿ ಸೊಪ್ಪನ್ನು ಒಲೆಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ ಹತ್ತಿರ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಬಿಟ್ಟು ರಸ್ತೆಯ ಬದಿ ಕೂತಿದ್ದಾಳೆ ಎಂಬುದು ಅವರ ದೂರು. ಆ ವರ್ಷ ಖಡಾಖಂಡಿತವಾಗಿ ಹೇಳಿಬಿಟ್ಟರು:

"ಈ ಸೊಪ್ಪಿನ್ ಕಾಲ ಮುಗಿಯೋಗಂಟ ನೋಡ್ತೀನಿ. ಅಂಗ್ಡಿ ನಿಂತ್ರೆ ನಿಲ್ತು. ಇಲ್ದಿದ್ರೆ ಬಾಗ್ಲಾಕ್ಬುಟ್ಟು ಮನೇಗ್ ಬಂದು ಸೊಪ್ಪು ಕಟ್ಕೊಂಡಿರು."

ಅವಳ ಪರ ನಿಂತವರು ಅತ್ತೆ. "ನನ್ ಸೊಸೆ ಕೈಗುಣ ನಿಂಗೇನ್ಲಾ ಗೊತ್ತು?" ಎಂದು ಮಗನನ್ನೇ ಗದರಿದರು. ಅತ್ತೆಗೆ ರತ್ನಕ್ಕನ ಕೈಯ ಮೇಲೆ ಅಷ್ಟು ನಂಬಿಕೆ. ಪ್ರತಿವರ್ಷ ಬ್ಯಾರನ್ನಿನ ಒಲೆಗೆ ಮೊದಲ ಬೆಂಕಿ ಅವಳ ಕೈಯಿಂದಲೇ ಆಗಬೇಕಿತ್ತು. ಓದು ಬರಹ ಬಾರದ ಆ ಮುದುಕಿ ಮದುವೆ ಕಾರ್ಡುಗಳನ್ನು ಸೊಂಟದ ಚೀಲದಲ್ಲಿಟ್ಟುಕೊಂಡು, ಬಂದವರಿಗೆಲ್ಲ "ನಮ್ ರತ್ನ ಮಾಡಿರೋದು" ಎಂದು ತೋರಿಸುತ್ತಿದ್ದರು.

ಇನ್ನು ನನ್ನ ಕಥೆ. ಡಿಪ್ಲೊಮಾ ಓದುವಾಗ ಒಂದು ಪತ್ರಿಕೆಯ ಜೊತೆ ಸಿ.ಡಿ. ಬಂದಿತ್ತು. ಅದರಲ್ಲಿ ಲಿನಕ್ಸಿನ ಕರ್ನಲ್ ಇತ್ತು, ಅದನ್ನು ಬರೆದ ಸಾಲುಗಳ ಸಮೇತ. ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ತಳದಲ್ಲಿ ಕೂತು ಡಿಸ್ಕು, ಪರದೆ, ಕೀಲಿಮಣೆ ಎಲ್ಲವನ್ನೂ ಆಳುವ ಪ್ರೋಗ್ರಾಮಿಗೆ ಕರ್ನಲ್ ಎನ್ನುತ್ತಾರೆ. ಅದನ್ನು ಯಾರು ಬೇಕಾದರೂ ಬಿಚ್ಚಿ ಓದಬಹುದು, ತಿದ್ದಬಹುದು, ತಿದ್ದಿದ್ದು ಸರಿಯಿದ್ದರೆ ಅದು ಲೋಕದ ಕಂಪ್ಯೂಟರುಗಳಿಗೆಲ್ಲ ಹೋಗಿ ಸೇರುತ್ತದೆ! ಅಯ್ಯೋ, ನನಗೆ ಹುಚ್ಚೇ ಹಿಡಿಯಿತು. ಮದುವೆಯಾಗಿ ಬಂದರೂ ಹುಚ್ಚು ಬಿಡಲಿಲ್ಲ. ಡಿಸ್ಕಿಗೆ ಬರೆಯುವ ಭಾಗದಲ್ಲಿ ಒಂದು ಲೋಪ ನನ್ನ ಕಣ್ಣಿಗೆ ಬಿದ್ದಿತ್ತು. ಮೈಸೂರಿಗೆ ಹೋದಾಗಲೆಲ್ಲ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಕಂಡರಿಯದ ದೇಶದ ಕಂಡರಿಯದ ಜನರಿಗೆ ಮೇಲ್ ಕಳಿಸಿದೆ. ಒಬ್ಬರು ಉತ್ತರ ಬರೆದರು — ನೀನು ಹೇಳುವುದರಲ್ಲಿ ಹುರುಳಿದೆ, ತಿದ್ದಿ, ಪರೀಕ್ಷಿಸಿ ಕಳಿಸು.

ಪರೀಕ್ಷಿಸಿ! ಎಲ್ಲಿ? ಯಾವುದರ ಮೇಲೆ?

ಕರ್ನಲ್ ಕೆಲಸಕ್ಕೆ ಒಂದು ಕಂಪ್ಯೂಟರ್ ಸಾಲದು. ಬರೆಯುವುದಕ್ಕೆ ಒಂದು ಬೇಕು, ಸಾಯುವುದಕ್ಕೆ ಒಂದು. ಮೊದಲನೆಯದು ಗಟ್ಟಿಯಾಗಿರಬೇಕು. ಒಳ್ಳೆಯ ಪ್ರೊಸೆಸರು, ಹಾಕಿದಷ್ಟೂ ಮೆಮೊರಿ, ದೊಡ್ಡ ಡಿಸ್ಕು; ಇಲ್ಲದಿದ್ದರೆ ಒಂದು ಸಾಲು ತಿದ್ದಿ ಇಡೀ ಕರ್ನಲ್ಲನ್ನು ಮತ್ತೆ ಕಟ್ಟುವಷ್ಟರಲ್ಲಿ ಅಡುಗೆ ಮಾಡಿ ಊಟ ಬಡಿಸಿ ಬರಬಹುದು. ಎರಡನೆಯದು ಹಳೆಯದಾದರೂ ನಡೆಯುತ್ತದೆ. ನಾವು ಕಟ್ಟಿದ ಕರ್ನಲ್ಲನ್ನು ಅದರಲ್ಲಿ ಓಡಿಸುವುದು, ತಪ್ಪಿದ್ದರೆ ಅದು ಅಲ್ಲೇ ಕಲ್ಲಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವ ಮುಂಚೆ ಏನಾಯಿತೆಂದು ಅದು ಹೇಳಬೇಕಲ್ಲ, ಅದಕ್ಕೆ ಎರಡರ ಬೆನ್ನಿಗೂ ಒಂದು ಸೀರಿಯಲ್ ಕೇಬಲ್ಲು. ಸಾಯುವ ಪೆಟ್ಟಿಗೆಯ ಕೊನೆಯ ಮಾತುಗಳು ಆ ತಂತಿಯಲ್ಲಿ ಹರಿದು ಬರೆಯುವ ಪೆಟ್ಟಿಗೆಯ ಪರದೆಯ ಮೇಲೆ ಬೀಳುತ್ತವೆ. ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು: ಸಾಯುವ ಪೆಟ್ಟಿಗೆಯಲ್ಲಿ ಯಾರಿಗೂ ಬೇಕಾದದ್ದು ಏನೂ ಇರಬಾರದು.

ಸಾಯುವುದಕ್ಕೆ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಆಗಲೇ ಇತ್ತು. ರತ್ನಕ್ಕನದು.

ಆ ಬೇಸಿಗೆಯಲ್ಲಿ ಅಕ್ಕ ಅಂಗಡಿಗೆ ಲೇಸರ್ ಪ್ರಿಂಟರ್ ತರಬೇಕೆಂದಿದ್ದಳು. ಪ್ರತಿ ಕಾರ್ಡಿಗೂ ಮೈಸೂರಿಗೆ ಫ್ಲಾಪಿ ಹಿಡಿದು ಓಡುವುದು ತಪ್ಪುತ್ತದೆ, ಭಾವನ ಬಾಯಿ ಮುಚ್ಚುತ್ತದೆ ಎಂಬುದು ಅವಳ ಲೆಕ್ಕ. ಮನೆಯಲ್ಲಿ ಒಪ್ಪಿದರು. ಯಾವುದು ತರಬೇಕೆಂದು ಹೇಳಲು ಓದಿದವಳು ನಾನಿದ್ದೆನಲ್ಲ! ನಾನು ಹೇಳಿದೆ: ಪ್ರಿಂಟರು ಆಮೇಲೆ, ಮೊದಲು ಇನ್ನೊಂದು ಕಂಪ್ಯೂಟರ್ ಬೇಕು, ಕಂಪ್ಯೂಟರ್ ಕ್ಲಾಸು ನಡೆಸೋಣ, ಕಾಲೇಜು ಹುಡುಗಿಯರು ಬರುತ್ತಾರೆ, ಅಂಗಡಿ ತಾನೇ ನಿಲ್ಲುತ್ತದೆ. ಕ್ಲಾಸಿನ ಯೋಚನೆ ನನ್ನ ತಲೆಯಲ್ಲಿ ಎಳ್ಳಷ್ಟೂ ಇರಲಿಲ್ಲ.

"ನಂಗೇನ್ ಗೊತ್ತಾದದು ಕಣಮ್ಮಿ, ನೀನ್ ಓದಿರೋಳು. ಅಂಗೇ ಮಾಡು" ಎಂದಳು ಅಕ್ಕ.

ಇದು ಮೊದಲ ಸುಳ್ಳು. ನಾಚಿಕೆಯಿಲ್ಲ ಎಂದೆನಲ್ಲ, ಇದಕ್ಕೇ. ನೀವೇ ಹೇಳಿ — ಸೊಸೆಯೊಬ್ಬಳು ಅತ್ತೆಮನೆಯಲ್ಲಿ ನಿಂತು "ನನಗೊಂದು ಮಿಷಿನ್ ಬೇಕು, ದುಡಿಯುವುದಕ್ಕಲ್ಲ, ಇನ್ನೊಂದನ್ನು ಬೀಳಿಸಿ ಎಬ್ಬಿಸಿ ನೋಡುವುದಕ್ಕೆ" ಎಂದರೆ ಯಾರು ಕೊಡಿಸುತ್ತಾರೆ? ನನ್ನ ಗಂಡ ಹೊಸ ಟ್ರಾಕ್ಟರಿನ ಎಂಜಿನ್ ಬಿಚ್ಚಿ ಹರಡಿಕೊಂಡು ಕೂತರೆ ಊರೇ ಬಂದು ಮೆಚ್ಚಿ ನೋಡುತ್ತಿತ್ತು. ನನಗೂ ಬಿಚ್ಚುವ ಆಸೆ ಇತ್ತು, ಕೇಳಿದರೆ ಸಿಗುವುದಿಲ್ಲವೆಂದೂ ಗೊತ್ತಿತ್ತು. ಸುಳ್ಳು ಹೇಳಿದೆ. ಏನೀಗ?

ಮೈಸೂರಿನ ಅಂಗಡಿಗೆ ಅಕ್ಕನೂ ಬಂದಳು. ಅಲ್ಲಿದ್ದವನು ಸ್ಪೀಕರು, ಸೌಂಡ್ ಕಾರ್ಡು ಎಂದು ತಲೆ ತಿನ್ನತೊಡಗಿದ. "ಅವೇನೂ ಬೇಡ, ಅದರ ಬದಲು ಮೆಮೊರಿ ಹಾಕಿ. ಹಿಂದೆ ಸೀರಿಯಲ್ ಪೋರ್ಟ್ ಇದೆಯೋ ಇಲ್ಲವೋ ತೋರಿಸಿ" ಎಂದೆ. ಅವನು ಪಿಳಿಪಿಳಿ ನೋಡಿದ. ನನ್ನ ಜನ್ಮದಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿಲ್ಲ. ಮದುವೆಯ ದಿನವೂ ಅಲ್ಲ. ಬರುವಾಗ ಬಸ್ಸಿನಲ್ಲಿ ಅಕ್ಕ ಆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದಳು.

"ಇದ್ರಲ್ಲಿ ನಮ್ ಅಕ್ಸರ ಚೆಂದಾಗ್ ಬತ್ತದಾ?"

"ಬರ್ತದೆ ಅಕ್ಕ" ಎಂದೆ. ನಾಚಿಕೆಯಿಲ್ಲ ಎಂದು ಇಷ್ಟು ಜೋರಾಗಿ ಹೇಳುತ್ತಿದ್ದರೂ, ಆ ಬಸ್ಸಿನ ನೆನಪು ಬಂದರೆ ಮಾತ್ರ — ಹೋಗಲಿ.

ಆಮೇಲಿನ ನನ್ನ ಕೆಲಸದ ಕ್ರಮ ಇದು. ಅಕ್ಕ ಮಧ್ಯಾಹ್ನ ಅಂಗಡಿಯನ್ನು ನನಗೆ ಬಿಟ್ಟು ಊಟಕ್ಕೆ ಮನೆಗೆ ಹೋಗುತ್ತಿದ್ದಳು. ಅವಳ ಬಸ್ಸು ಹೊರಟ ಕೂಡಲೇ ಅವಳ ಕಂಪ್ಯೂಟರಿನ ಮುಚ್ಚಳ ತೆಗೆದು, ಅವಳ ಡಿಸ್ಕಿನ ಕೇಬಲ್ ಬಿಡಿಸಿ, ನನ್ನದೊಂದು ಹಳೆಯ ಡಿಸ್ಕು ಸಿಕ್ಕಿಸುತ್ತಿದ್ದೆ. ಬೀಳಿಸುತ್ತಿದ್ದೆ, ಎಬ್ಬಿಸುತ್ತಿದ್ದೆ. ಅವಳು ಬರುವ ಹೊತ್ತಿಗೆ ಎಲ್ಲ ಮೊದಲಿನಂತೆ. ಅವಳ ಡಿಸ್ಕನ್ನು ಬಿಡಿಸದೆ ನಾನು ಒಂದು ದಿನವೂ ಕೆಲಸ ಮಾಡಿದವಳಲ್ಲ, ಆ ದಿನದವರೆಗೆ.

ಅದು ಆಯುಧಪೂಜೆಯ ಹಿಂದಿನ ದಿನ. ದೂರದೇಶದವರು ಹೊಸದೊಂದು ಪರೀಕ್ಷೆ ಕೇಳಿದ್ದರು. ಒಂದೇ ಕಂಪ್ಯೂಟರಿನಲ್ಲಿ ಎರಡು ಡಿಸ್ಕುಗಳಿದ್ದಾಗ ನಿನ್ನ ತಿದ್ದುಪಡಿ ಸರಿಯಾಗಿ ನಡೆಯುತ್ತದೆಯೇ, ತೋರಿಸು ಎಂದಿದ್ದರು. ನನ್ನ ಹತ್ತಿರ ಬಿಡಿ ಡಿಸ್ಕು ಇದ್ದದ್ದು ಒಂದೇ. ಇನ್ನೊಂದು ಅಕ್ಕನದು. ಅಕ್ಕ ಹೂವು, ಬೂದುಗುಂಬಳ ತರಲು ಕೋಟೆ ಪೇಟೆಗೆ ಹೋಗಿದ್ದಳು. ಪೂಜೆಗೆ ಅಂಗಡಿ ಗುಡಿಸಿ ಒರೆಸುವ ಕೆಲಸ ನನ್ನದಾಗಿತ್ತು. ಕಸಪೊರಕೆ ಮೂಲೆಗಿಟ್ಟು ಕೂತೆ. ಅವಳ ಡಿಸ್ಕನ್ನು ಬಿಡಿಸಲಿಲ್ಲ. ಮರೆತು ಬಿಡಿಸದೆ ಹೋದದ್ದಲ್ಲ, ಯೋಚಿಸಿಯೇ ಬಿಡಿಸಲಿಲ್ಲ. ನನ್ನ ಸಾಲುಗಳು ಸರಿಯಾಗಿವೆ ಎಂಬ ಸೊಕ್ಕು. ಬರೆಯುವುದೆಲ್ಲ ನನ್ನ ಡಿಸ್ಕಿಗೇ ಬರೆಯುತ್ತದೆ, ಅವಳದು ಸುಮ್ಮನೆ ಇರುತ್ತದೆ, ಅಷ್ಟೇ ತಾನೇ ಅಂದುಕೊಂಡೆ. ಅಷ್ಟೇ ಆಗಲಿಲ್ಲ. ನನ್ನ ಡಿಸ್ಕಿಗೆ ಹೋಗಬೇಕಾದದ್ದು ಅವಳ ಡಿಸ್ಕಿಗೆ ಹೋಗುತ್ತಿದೆ ಎಂದು ತಂತಿಯಲ್ಲಿ ಬಂದ ಮಾತುಗಳನ್ನು ಓದಿ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳ ಮನೆಮನೆಯ ಕಾರ್ಡುಗಳಲ್ಲಿ ಒಂದೂ ಉಳಿದಿರಲಿಲ್ಲ. ಬೇರೆ ಕಡೆ ನಕಲು ಇಟ್ಟುಕೋ ಎಂದು ಅವಳಿಗೆ ಹೇಳಿಕೊಡಬೇಕಾದವಳು ನಾನು, ಅದನ್ನೂ ಹೇಳಿಕೊಟ್ಟಿರಲಿಲ್ಲ.

ಮುಚ್ಚಳ ಹಾಕಿದೆ. ನೆಲ ಒರೆಸಿದೆ. ಅಕ್ಕ ಹೂವಿನ ಚೀಲ ಹಿಡಿದು ಬಂದು, "ಅಂಗ್ಡಿ ಎಷ್ಟ್ ಲಕ್ಸಣ್ವಾಗದೆ ನೋಡು" ಎಂದಳು.

ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಬಳಸುವಂತಿಲ್ಲ, ವಿಜಯದಶಮಿಗೇ ಮತ್ತೆ ಮುಟ್ಟಬೇಕು. ಹಾಗಾಗಿ ಇಡೀ ಒಂದು ದಿನ ನನ್ನ ಕೈಯಲ್ಲಿತ್ತು, ಹೇಳುವುದಕ್ಕೆ. ಅಕ್ಕ ಹೊಸ ಸೀರೆಯುಟ್ಟು, ಕಂಪ್ಯೂಟರನ್ನು ಮಗುವಿನ ಮುಖದಂತೆ ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದಳು. ಮಾವಿನೆಲೆಯಲ್ಲಿ ನೀರು ಚಿಮುಕಿಸಿದಳು. ಅತ್ತೆ ಗಂಟೆ ಬಾರಿಸಿದರು. ಮಂಗಳಾರತಿ ನನ್ನ ಹತ್ತಿರವೂ ಬಂತು, ಕಣ್ಣಿಗೊತ್ತಿಕೊಂಡೆ. ಒಳಗೆ ಏನೂ ಉಳಿದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಲಿಲ್ಲ. ಹೇಳಿದರೆ ಹೊಸ ಕಂಪ್ಯೂಟರ್ ಹೋಗುತ್ತದೆ, ಇನ್ನು ಜನ್ಮದಲ್ಲಿ ನನಗೆ ಯಾವ ಮಿಷಿನ್ನನ್ನೂ ಮುಟ್ಟಲು ಬಿಡುವುದಿಲ್ಲ — ಇದೊಂದೇ ನನ್ನ ತಲೆಯಲ್ಲಿದ್ದದ್ದು.

ವಿಜಯದಶಮಿಯ ಬೆಳಿಗ್ಗೆ ಅಕ್ಕ ಕೈಮುಗಿದು ಸ್ವಿಚ್ ಹಾಕಿದಳು. ಕಪ್ಪು ಪರದೆಯ ಮೇಲೆ ಒಂದು ಬಿಳಿ ಸಾಲು ಬಂದು ನಿಂತಿತು. ಮತ್ತೆ ಹಾಕಿದಳು, ಮತ್ತೆ ಅದೇ. ಭಾವನೂ ಅತ್ತೆಯೂ ಅಲ್ಲೇ ಇದ್ದರು. ನನ್ನ ಗಂಡ ಟ್ರಾಕ್ಟರ್ ನಿಲ್ಲಿಸಿ ಒಳಗೆ ಬಂದರು.

"ಏನವ್ವಾ ಆಗದೆ ಇದ್ಕೆ? ನೀನೇ ನೋಡೇಳು" ಎಂದರು ಭಾವ.

ಸುಮ್ಮನೆ "ಗೊತ್ತಾಗುತ್ತಿಲ್ಲ" ಎಂದಿದ್ದರೂ ಆಗುತ್ತಿತ್ತು. ಅದು ಕೂಡ ಸುಳ್ಳೇ, ಆದರೆ ಯಾರ ತಲೆಯ ಮೇಲೂ ಬೀಳುವ ಸುಳ್ಳಲ್ಲ. ನಾನು ಹೇಳಿದ್ದು ಇದು:

"ಪೂಜೆ ನೀರು ಒಳಗೆ ಹೋಗಿದೆ. ಡಿಸ್ಕೇ ಹೋಯ್ತು."

ನೀರು ಹೋಗಿದ್ದರೆ ಆ ಬಿಳಿ ಸಾಲೂ ಬರುತ್ತಿರಲಿಲ್ಲವೇನೋ; ಅದನ್ನು ಕೇಳುವಷ್ಟು ತಿಳಿದವರು ಅಲ್ಲಿ ಯಾರೂ ಇರಲಿಲ್ಲ. ಮೈಸೂರಿಗೆ ಕೊಂಡುಹೋಗಿ ತೋರಿಸೋಣ ಎಂದರು ನನ್ನ ಗಂಡ. ಅಲ್ಲಿ ಬಿಚ್ಚಿ ನೋಡಿದರೆ ಒಳಗೆ ನೀರೇ ಬಿದ್ದಿಲ್ಲವೆಂದು ಗೊತ್ತಾಗುತ್ತದಲ್ಲ! "ಪ್ರಯೋಜನವಿಲ್ಲ, ನಾನೇ ನೋಡಿದ್ದೇನೆ" ಎಂದು ಅದಕ್ಕೂ ಕಲ್ಲು ಹಾಕಿದೆ. ಅಕ್ಕ ತನ್ನ ಕೈಗಳನ್ನೇ ನೋಡಿಕೊಂಡಳು. ಭಾವ ಹೊರಗೆ ಹೋಗುತ್ತಾ, "ಕೈಗುಣ ಅಂತಿದ್ಯಲ್ಲವ್ವ, ನೋಡ್ಕೊ ನಿನ್ ಸೊಸೆ ಕೈಗುಣವ" ಎಂದರು. ಅತ್ತೆ ಮೊದಲ ಸಲ ಮಗನಿಗೆ ತಿರುಗಿ ಏನೂ ಹೇಳಲಿಲ್ಲ.

ಅದೇ ವಾರ ಅಕ್ಕ ಬ್ಯಾರನ್ ಹತ್ತಿರ ಕೂತು ಸೊಪ್ಪು ಕಟ್ಟತೊಡಗಿದಳು. ಅಂಗಡಿಯ ಬೀಗದ ಕೈ ನನಗೆ ಬಂತು.

ಮತ್ತೆ ನಾನೇನು ಮಾಡಿದೆ ಗೊತ್ತೇ? ಆ ದಿನ ತಂತಿಯಲ್ಲಿ ಬಂದಿದ್ದ ಮಾತುಗಳನ್ನು ಕೂತು ಓದಿದೆ. ನನ್ನ ತಪ್ಪು ಎಲ್ಲಿದೆಯೆಂದು ಅದರಲ್ಲೇ ಗೊತ್ತಾಯಿತು. ತಿದ್ದಿ, ಅಕ್ಕನ ಖಾಲಿ ಡಿಸ್ಕಿನ ಮೇಲೆಯೇ ಮತ್ತೆ ಪರೀಕ್ಷಿಸಿ, ಕಳಿಸಿದೆ. ಒಪ್ಪಿಕೊಂಡರು. ಹಿಡಿಯಷ್ಟು ಸಾಲು, ಅದರ ಜೊತೆ ನನ್ನ ಹೆಸರು. ಇವತ್ತಿಗೂ ಹೆಮ್ಮೆಯಿದೆ. ಅಂಗಡಿಯಲ್ಲಿ ಕ್ಲಾಸನ್ನೂ ಕೊನೆಗೆ ನಡೆಸಿದೆ, ಈಗಲೂ ನಡೆಸುತ್ತೇನೆ. ಹಿಂದಿನ ಕೋಣೆಯಲ್ಲಿ ಬೀಳಿಸಿ ಎಬ್ಬಿಸುವ ಕೆಲಸವೂ ನಡೆದಿದೆ. ಆ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬೇಕಾದರೆ ಬಯ್ಯಿರಿ.

ಆದರೆ ಪೂಜೆ ನೀರಿನ ಆ ಎರಡನೆಯ ಸುಳ್ಳು ಕಂಪ್ಯೂಟರಿನಲ್ಲೇ ನಿಲ್ಲಲಿಲ್ಲ. ಅದನ್ನು ನಾನು ಎಣಿಸಿರಲಿಲ್ಲ. ಮರುವರ್ಷ ಬ್ಯಾರನ್ನಿಗೆ ಮೊದಲ ಬೆಂಕಿ ಹಾಕುವಾಗ ಅತ್ತೆ ರತ್ನಕ್ಕನನ್ನು ಕರೆಯಲಿಲ್ಲ. ನನ್ನನ್ನು ಕರೆದರು. ಬಿತ್ತುವ ಮೊದಲ ಹಿಡಿಗೂ ನನ್ನನ್ನೇ ಕರೆದರು. ಹೊಸ ಹಸು ಬಂದಾಗ ಆರತಿಗೂ ನನ್ನನ್ನೇ. ನಾನು ಹೋದೆ. ಒಂದು ಸಲವೂ ಒಲ್ಲೆ ಎನ್ನಲಿಲ್ಲ. ಅಕ್ಕ ಅಷ್ಟು ದೂರ ನಿಂತು ನೋಡುತ್ತಿದ್ದಳು. ಅವಳ ಮಗಳು ಮೊಬೈಲು ತಂದು "ನೋಡವ್ವ" ಎಂದು ಕೊಟ್ಟರೂ "ನನ್ ಕೈ ಬ್ಯಾಡ ಕಣೆ" ಎಂದು ಸೆರಗಿನೊಳಗೆ ಕೈ ಎಳೆದುಕೊಂಡಳು. ಅತ್ತೆ ತೀರಿಕೊಂಡ ಮೇಲೂ ಮನೆಯಲ್ಲಿ ಅದೇ ಪದ್ಧತಿ ನಡೆದುಬಂತು.

ಈ ಸಲ ಭಾವ ಹೊಸ ಬ್ಯಾರನ್ ಕಟ್ಟಿಸಿದರು. ಮೊದಲ ಬೆಂಕಿ ಹಾಕಲು ನನ್ನನ್ನೇ ಕರೆದರು. ಮನೆಯವರು, ಸೊಪ್ಪು ಕಟ್ಟುವ ಆಳುಗಳು, ಎಲ್ಲ ಸೇರಿದ್ದರು. ಕಡ್ಡಿಪೆಟ್ಟಿಗೆ ಕೈಗೆ ಬಂತು. ಅಕ್ಕ ಎಂದಿನ ಹಾಗೆ ದೂರದಲ್ಲಿ ಸೊಪ್ಪಿನ ರಾಶಿಯ ಮುಂದೆ ಕೂತಿದ್ದಳು. ಒಳ್ಳೆಯ ಬುದ್ಧಿ ಬಂತೆಂದು ಹೇಳುವುದಿಲ್ಲ. ಸಿಟ್ಟು ಬಂತು, ನನ್ನ ಮೇಲೇ. ಜೋರಾಗಿ ಹೇಳಿದೆ. ನೀರು ಹೋಗಿರಲಿಲ್ಲ, ಅಕ್ಕನ ಕೈಯಿಂದ ಏನೂ ಆಗಿರಲಿಲ್ಲ, ಹಿಂದಿನ ದಿನ ನಾನೇ ಕೆಡಿಸಿದ್ದೆ, ಗೊತ್ತಿದ್ದೂ ಅವಳ ಮೇಲೆ ಹಾಕಿದೆ ಎಂದೆ. ಎಲ್ಲರೂ ಕೇಳಲಿ ಎಂದು ಇನ್ನೊಮ್ಮೆ ಹೇಳಿದೆ.

ಭಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಓಗ್ಲಿ ಬುಡವ್ವ, ಅಳೇದ್ ಯಾಕೀಗ" ಎಂದರು. ಅಷ್ಟೇ. ಒಂದು ಹೆಂಗಸಿನ ಇಷ್ಟು ವರ್ಷ ಅವರಿಗೆ ಟವೆಲ್ಲಿನ ಧೂಳಿನಷ್ಟೂ ಅಲ್ಲ. ನನಗೆ ಮೈಯುರಿಯಿತು. ಆದರೆ ಉರಿದುಕೊಳ್ಳುವ ಹಕ್ಕು ನನಗೆಲ್ಲಿದೆ? ಕಡ್ಡಿಪೆಟ್ಟಿಗೆಯನ್ನು ಅವರ ಕೈಗೇ ಕೊಟ್ಟು ಅಕ್ಕನ ಹತ್ತಿರ ಹೋದೆ.

ಅವಳು ಸೊಪ್ಪು ಕಟ್ಟುತ್ತಲೇ ಇದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕೆಡುಸ್ದೆ, ಸರಿ. ಅವತ್ತೇ ಏಳಿದ್ರೆ ಎಲ್ಲಾನೂವೆ ಮತ್ ಕೂತು ಟೈಪ್ ವಡ್ಕೊಂಬುಡ್ತಿದ್ದೆ ಕಣಮ್ಮಿ" ಎಂದಳು. "ಯಾರ್ ಮನೇದು ಎಂಗೆ ಅಂತ ನಂಗೆಲ್ಲ ಗ್ಯಾನದಲ್ಲಿತ್ತು. ನನ್ ಕೈಯೇ ಕೆಟ್ಟುದ್ದು ಅಂದ್ಕಂಡು ಬುಟ್ಬುಟ್ಟೆ."

ನನಗೆ ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ. ಕ್ಷಮಿಸು ಎಂದರೆ ಅವಳು ಇನ್ನೇನನ್ನೋ ನನಗೆ ಕೊಡಬೇಕಾಗುತ್ತದಲ್ಲ.

ಆಗ ಅವಳು ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದಳು.

"ಇವ್ರಿಗೆಲ್ಲ ಏಳ್ದೆ ಬುಡು. ಅತ್ತೆಗ್ ಎಂಗೆ ಏಳೀಯೆ? ಮಲಗಿದ್ದಷ್ಟೂ ದಿನ ಉಚ್ಚೆ ಬಳ್ದೋಳು ನಾನು. ಜೀವ ಓಗೋ ಒತ್ನಲ್ಲಿ ನಾನ್ ಲೋಟ ಇಡ್ಕೊಂಡ್ ಓದ್ರೆ, ಇವ್ಳ್ ಕೈ ಬ್ಯಾಡ, ಚಿಕ್ಕೋಳ್ನ ಕರೀರಿ ಅಂದ್ರು. ಕೊನೇ ನೀರ ನೀನೇ ಬುಟ್ಟೆ."

ಅಷ್ಟು ಹೇಳಿ ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಂಡಳು.